ಹೆಸರು ಕೊಡುವುದಿಲ್ಲ

ಷೆಡ್ಡಿನ ಬೀಗ ಒಡೆದವಳು ನಾನು. ಪೊಲೀಸಿನವನು ಕೇಳಿದಾಗಲೂ ಅದನ್ನೇ ಹೇಳಿದೆ. ಯಾರಾದರೂ ಹೇಳಿಕೊಟ್ಟರಾ ಎಂದ. ಇಲ್ಲ ಎಂದೆ. ಕೋಪದಲ್ಲಿ ಒಡೆದೆಯಾ ಎಂದ. ಮೊದಲ ಏಟು ಹಾಕುವಾಗ ಕೋಪ ಇರಲಿಲ್ಲ. ಆತುರ ಇತ್ತು. ಕೋಪ ಆಮೇಲೆ ಬಂತು. ಅದು ಇನ್ನೂ ಹೋಗಿಲ್ಲ.

ನಾನು ಉಲಾಯುಕ್. ಹೆಚ್ಚು ಮಾತಾಡುವವಳಲ್ಲ. ದಕ್ಷಿಣದ ಕಾಲೇಜಿನಲ್ಲಿ ಓದುವಾಗ ವಾರಗಟ್ಟಲೆ ಯಾರ ಜೊತೆಗೂ ಬಾಯಿ ಬಿಡದೆ ಕಳೆದಿದ್ದೇನೆ. ಹೇಳಬೇಕಾದದ್ದನ್ನು ಡೈರಿಯಲ್ಲಿ ಬರೆದು ಮಲಗುತ್ತಿದ್ದೆ. ಡಿಗ್ರಿ ಮುಗಿಸಿ ಉತ್ತರದ ಮಂಜಿನ ಕಡಲ ದಂಡೆಯ ನಮ್ಮೂರು ನುವುಕ್ಜುವಾಕ್‌ಗೆ ವಾಪಸು ಬಂದಾಗ ಊರ ಕಚೇರಿಯವರು ಕೊಟ್ಟ ಕೆಲಸ ಮಾತಿನದೇ. ದಕ್ಷಿಣದವರು ಹೇಳಿದ್ದನ್ನು ನಮ್ಮ ಮುದುಕರಿಗೆ ನಮ್ಮ ಭಾಷೆ ಇನುಕ್ಟಿಟುಟ್‌ನಲ್ಲಿ ಹೇಳಬೇಕು. ಮುದುಕರು ಹೇಳಿದ್ದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ನನ್ನ ಸ್ವಂತ ಮಾತು ಆಡಬೇಕಾಗಿಲ್ಲವಲ್ಲ ಎಂದು ಒಪ್ಪಿಕೊಂಡೆ.

ಸರ್ಕಾರದ ಆ ಮಾತನ್ನು ಮೊದಲು ಕೇಳಿದ್ದು ಶಾಲೆಯಲ್ಲಿದ್ದಾಗ. ಆಟದ ಹಾಲಿನಲ್ಲಿ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿದ್ದರು. ಆರ್ಕ್ಟಿಕ್ ರಕ್ಷಣೆಯನ್ನು ಬಲಪಡಿಸುತ್ತೇವೆ, ತುರ್ತು ನೆರವು ನಿಮ್ಮ ಬಾಗಿಲಿಗೇ ಬರುತ್ತದೆ ಎಂದು ಒಬ್ಬ ಮಂತ್ರಿ ಹೇಳಿದ. ನಾವು ಚಪ್ಪಾಳೆ ತಟ್ಟಿದೆವು. ಅದೇ ಬೇಸಿಗೆಯಲ್ಲಿ ಪಕ್ಕದ ಮನೆಯವರ ದೋಣಿ ಮಗುಚಿತು. ಹುಡುಕುವ ವಿಮಾನ ದಕ್ಷಿಣದಿಂದ ಬರುವ ಹೊತ್ತಿಗೆ ನಾವೇ ಹೆಣಗಳನ್ನು ಎಳೆದು ತಂದು ಕಲ್ಲು ಮುಚ್ಚಿ ಆಗಿತ್ತು. ವಿಮಾನ ಊರಿನ ಮೇಲೆ ಒಂದು ಸುತ್ತು ಹೊಡೆದು ಹೋಯಿತು. ಕಾಲೇಜಿನ ಊಟದ ಮನೆಯ ಟಿವಿಯಲ್ಲಿ ಇನ್ನೊಬ್ಬ ಮಂತ್ರಿ ಅದೇ ವಾಕ್ಯ ಹೇಳಿದ. ಪಕ್ಕದ ಹುಡುಗಿ ಚಾನೆಲ್ ಬದಲಾಯಿಸಿದಳು. ನಾನು ಊರಿಗೆ ಬಂದ ವರ್ಷ ಆ ವಾಕ್ಯಕ್ಕೆ ತಗಡು ಬಂತು. ಕಡಲಿನಲ್ಲಿ ಬೇಟೆಯಾಡಿ ತಂದ ಸೀಲ್ ಪ್ರಾಣಿಯ ಚರ್ಮವನ್ನು ಹೆಂಗಸರು ಒಣಹಾಕುವ ದಿಬ್ಬದ ಮೇಲೆ ನೀಲಿ ಷೆಡ್ಡು ಎದ್ದಿತು. ತುರ್ತು ನೆರವು ಕೇಂದ್ರ ಎಂದು ಎರಡೂ ಲಿಪಿಯಲ್ಲಿ ಬೋರ್ಡು ಬಂತು. ಅದನ್ನು ಅನುವಾದ ಮಾಡಿಕೊಟ್ಟವಳು ನಾನೇ.

ಷೆಡ್ಡಿಗೆ ಬೀಗ ಬಿತ್ತು. ಮಂತ್ರಿ ಬಂದು ರಿಬ್ಬನ್ ಕತ್ತರಿಸುವವರೆಗೆ ತೆಗೆಯುವಂತಿಲ್ಲ.

ವಸಂತದಲ್ಲಿ ಸೈನ್ಯದ ಕ್ಯಾಪ್ಟನ್ ಬಂದ. ವೀಲನ್ ಅಂತ ಹೆಸರು. ಊರ ಸಭೆ ಕರೆದು, ಶತ್ರು ಬರುವುದಾದರೆ ಉತ್ತರದ ಕಡೆಯಿಂದಲೇ ಬರುತ್ತಾನೆ, ನೀವೇ ನಮ್ಮ ಕಣ್ಣು, ನೀವೇ ಕಿವಿ ಎಂದ. ನಾನು ಅನುವಾದಿಸಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಕೀಶೂ ಮಾವ ಕೈ ಎತ್ತಿದ. ಅವನು ಅಮ್ಮನ ತಮ್ಮ. ಸೈನ್ಯಕ್ಕೆ ದಾರಿ ತೋರಿಸುವ ಊರ ಕಾವಲುಪಡೆಯ ಹಿರಿಯ. ಆ ಪಡೆಯ ಕೆಂಪು ಅಂಗಿಯನ್ನು ಮಲಗುವಾಗಲೂ ತೆಗೆಯದವನು.

"ಶತ್ರು ಬಂದಾಗ ಟೀ ಕೊಡ್ಬೇಕಾ ಬೇಡ್ವಾ, ಕೇಳಮ್ಮ. ನಮ್ಮಲ್ಲಿ ಯಾರು ಬಂದ್ರೂ ಮೊದ್ಲು ಟೀ."

ಊರು ನಕ್ಕಿತು. ನಾನು ಅನುವಾದಿಸಿದೆ. ಕ್ಯಾಪ್ಟನ್ ನಗಲಿಲ್ಲ. ಅಭ್ಯಾಸಕ್ಕಾಗಿ ಮಂಜು ಒಡೆಯುವ ಹಡಗು ಕೊಲ್ಲಿಯ ಒಳಗೆ ಬರುತ್ತದೆ ಎಂದ. ಆಗ ಮಾವ ಎದ್ದು ನಿಂತ. ಈಗ ನಗು ಇರಲಿಲ್ಲ. ಕೊಲ್ಲಿಯ ಮಂಜುಗಡ್ಡೆ ನಮ್ಮ ರಸ್ತೆ, ಸೀಲ್ ಬೇಟೆಗೆ ಹೋಗುವ ಹಾದಿ ಅದರ ಮೇಲೇ ಇದೆ, ಮಂಜು ತಾನಾಗಿ ಕರಗುವವರೆಗೆ ಕತ್ತರಿಸಬೇಡಿ ಎಂದ. ಹಡಗು ಹೋದ ಜಾಗ ಬೇಗ ಮತ್ತೆ ಹೆಪ್ಪುಗಟ್ಟುತ್ತದೆ, ನಮ್ಮ ತಜ್ಞರು ನೋಡಿದ್ದಾರೆ ಎಂದು ಕ್ಯಾಪ್ಟನ್ ಹೇಳಿದ. ಸಭೆ ಮುಗಿಯಿತು.

ಹಡಗು ಬಂತು. ಮನೆಯೊಳಗೆ ಕೂತಿದ್ದರೂ ಕೇಳುತ್ತಿತ್ತು. ಮೂಳೆ ಮುರಿಯುವ ಸದ್ದು. ಅಮ್ಮ ಕಿಟಕಿಯ ಹತ್ತಿರ ನಿಂತು ನೋಡುತ್ತಲೇ ಇದ್ದಳು. ಬಾಣಲೆಯಲ್ಲಿ ರೊಟ್ಟಿ ಸೀದುಹೋಯಿತು.

ಅಮ್ಮನಿಗೆ ಹಡಗು ಹೊಸದಲ್ಲ. ಅವಳ ಅಪ್ಪನನ್ನು ಇಲ್ಲಿಗೆ ತಂದದ್ದೂ ಹಡಗೇ. ಈ ನೆಲ ನಮ್ಮದು ಎಂದು ಲೋಕಕ್ಕೆ ತೋರಿಸಲು ಸರ್ಕಾರಕ್ಕೆ ಇಲ್ಲಿ ಜನ ಬೇಕಾಗಿದ್ದರು. ಬೇರೆ ತೀರದಿಂದ ಕೆಲವು ಸಂಸಾರಗಳನ್ನು ತುಂಬಿಕೊಂಡು ಬಂದು ಈ ಕಲ್ಲಿನ ಮೇಲೆ ಇಳಿಸಿ ಹೋದರು. ಬೇಟೆ ಎಲ್ಲಿ ಸಿಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಪೊಲೀಸರು ಬಂದು ಅಜ್ಜನ ಬಂಡಿ ಎಳೆಯುವ ನಾಯಿಗಳನ್ನು ಕಟ್ಟಿದ ಜಾಗದಲ್ಲೇ ಗುಂಡಿಟ್ಟು ಕೊಂದರು. ರೋಗ ಹರಡುತ್ತದೆ ಎಂದರಂತೆ. ಅಜ್ಜ ಆಮೇಲೆ ಬೇಟೆಗೆ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು ಹಾಗೇ ಸತ್ತ. ಅಮ್ಮ ಅದನ್ನು ಒಂದೇ ಮಾತಿನಲ್ಲಿ ಹೇಳುತ್ತಾಳೆ. "ಬಾವುಟಕ್ಕೆ ಕಂಬ ಸಿಗಲಿಲ್ಲ, ನಮ್ಮನ್ನ ನೆಟ್ರು."

ಆ ಅಜ್ಜನ ಹೆಸರು ಪುಡ್ಲೂ. ಸತ್ತವರ ಹೆಸರನ್ನು ನಾವು ಹುಟ್ಟುವ ಮಗುವಿಗೆ ಇಡುತ್ತೇವೆ. ಹೆಸರಿನ ಜೊತೆ ಅವರೂ ಬರುತ್ತಾರೆ. ಸಂಬಂಧವೂ ಹೆಸರಿನದೇ. ನನ್ನ ಅಣ್ಣ ಹುಟ್ಟಿದಾಗ ಅಮ್ಮ ಅವನಿಗೆ ಪುಡ್ಲೂ ಎಂದು ಹೆಸರಿಟ್ಟಳು. ಅಂದಿನಿಂದ ಹೆತ್ತ ಮಗನನ್ನು ಅಪ್ಪಾ ಎಂದೇ ಕರೆದಳು. ಅಕೀಶೂ ಮಾವನಿಗೂ ಅವನು ಅಪ್ಪನೇ. ತಲೆ ನರೆತ ಆ ಮುದುಕ ಬಾಗಿಲಲ್ಲಿ ನಿಂತು, "ಅಪ್ಪಾ, ಒಂದು ಸಿಗರೇಟು ಕೊಡಪ್ಪಾ," ಎನ್ನುತ್ತಿದ್ದ. ಅಣ್ಣ, "ಹೋಗಿ ಮೊದ್ಲು ಮುಖ ತೊಳಿ ಮಗನೇ," ಎಂದು ಬೈದು ಕೊಡುತ್ತಿದ್ದ. ನಾನು ಅಜ್ಜನನ್ನು ನೋಡಿದವಳಲ್ಲ. ನನಗೆ ಅವನು ಅಣ್ಣನೇ.

ಮಂತ್ರಿ ಬರುವ ಮುನ್ನಾದಿನ ಬೆಳಿಗ್ಗೆ ಅಣ್ಣ ಬೇಟೆಗೆ ಹೊರಟ. ಅತಿಥಿಗಳಿಗೆ ಊರಿನ ಊಟ ಹಾಕಬೇಕು, ಸೀಲ್ ಮಾಂಸ ಬೇಕು ಎಂದು ಕ್ಯಾಪ್ಟನ್ ಹೇಳಿಕಳಿಸಿದ್ದ. ಅಣ್ಣನ ಹೆಂಡತಿ ಲೀತಿಯಾ ಬಸುರಿ. ಅವಳು ಅವನ ಕೈಗವಸಿಗೆ ಹೊಲಿಗೆ ಹಾಕುತ್ತಾ, ಮಂತ್ರಿ ಸೀಲಿನ ಕರುಳು ತಿಂತಾನಾ ನೋಡ್ಬೇಕು ಎಂದಳು. ಅಣ್ಣ, ಅವನು ತಿನ್ನದಿದ್ರೆ ನೀನು ತಿನ್ನು, ಇಬ್ಬರಿಗಾಗಿ ತಿಂತಿದ್ದೀಯಲ್ಲ ಎಂದ. ಅವನೂ ಮಾವನೂ ಹಿಮದ ಮೇಲೆ ಓಡುವ ಎರಡು ಸ್ನೋಮೊಬೈಲ್ ಗಾಡಿಗಳಲ್ಲಿ ಹೋದರು. ಮಾವನ ಗಾಡಿಯ ಹಿಂದೆ ಜಾರುಬಂಡಿ ಕಟ್ಟಿತ್ತು. ಹೋಗುವಾಗ ಹಡಗಿನ ಜಾಡನ್ನು ಬಿಟ್ಟು ಬಹಳ ದೂರ ಸುತ್ತಿದರು. ಬರುವಾಗ ಗಾಳಿ ಎದ್ದಿತ್ತು. ನೇರ ಬಂದರು.

ಮಂಜಿನ ಮೇಲೆ ಹೋಗುವವನ ಕೈಯಲ್ಲಿ ಹಾರೆ ಇರುತ್ತದೆ. ಉದ್ದ ಮರದ ಹಿಡಿ, ತುದಿಗೆ ಕಬ್ಬಿಣ. ಮುಂದೆ ಕುಕ್ಕಬೇಕು. ಕಬ್ಬಿಣ ಇಳಿಯದಿದ್ದರೆ ನಡೆಯಬಹುದು. ನಡೆಯಲು ಕಲಿಯುವಾಗಲೇ ಇದನ್ನು ಕಲಿಯುತ್ತೇವೆ. ಅಣ್ಣ ಜಾಡಿನ ಅಂಚಿನಲ್ಲಿ ಇಳಿದು ಕುಕ್ಕಿದ. ಇಳಿಯಲಿಲ್ಲ. ಇನ್ನೊಮ್ಮೆ ಬಲವಾಗಿ ಕುಕ್ಕಿದ. ಇಳಿಯಲಿಲ್ಲ. ಕಡಲು ತಾನಾಗಿ ಕಟ್ಟಿದ ಮಂಜಾಗಿದ್ದರೆ ಆ ಏಟು ಸುಳ್ಳು ಹೇಳುತ್ತಿರಲಿಲ್ಲ. ಇದು ಹಡಗು ಒಡೆದು ಬಿಟ್ಟ ಮಂಜು. ದಪ್ಪ ಚಪ್ಪಡಿಗಳು ಕೆಸರಿನಂಥ ನೀರಿನಲ್ಲಿ ಓರೆಯಾಗಿ ನಿಂತು ಹೆಪ್ಪುಗಟ್ಟಿದ್ದವು. ಮೇಲೆ ಗಾಳಿ ಹಿಮ ಹರಡಿ ಸಮ ಮಾಡಿತ್ತು. ಹಾರೆ ಬಿದ್ದದ್ದು ಚಪ್ಪಡಿಯ ಮೇಲೆ. ಒಂದು ಮಾರು ಆಚೆ ಏನೂ ಇರಲಿಲ್ಲ. ಹಾರೆಯನ್ನು ನಂಬದವನಾಗಿದ್ದರೆ, ದಕ್ಷಿಣದವನಾಗಿದ್ದರೆ, ಅಣ್ಣ ಹೆದರಿ ಹಿಂದೆ ಹೋಗುತ್ತಿದ್ದ. ಅವನು ಹಾರೆಯನ್ನು ಮಾವನ ಜಾರುಬಂಡಿಯೊಳಗೆ ಎಸೆದು, ತನ್ನ ಗಾಡಿ ಹತ್ತಿ ಮುಂದೆ ಬಿಟ್ಟ.

ಮಾವ ಹಗ್ಗ ಎಸೆದು, ಹೊಟ್ಟೆಯ ಮೇಲೆ ತೆವಳಿ, ಹಲ್ಲಿನಿಂದ ಕಚ್ಚಿ ಹಿಡಿದು ಅವನನ್ನು ಎಳೆದ. ಗಾಡಿ ಮುಳುಗಿತು. ಬೇಟೆಯಾಡಿದ ಸೀಲ್ ಮುಳುಗಿತು. ಅಣ್ಣ ಮೇಲೆ ಬಂದ. ಅವನನ್ನು ಜಾರುಬಂಡಿಗೆ ಕಟ್ಟಿಕೊಂಡು ಮಾವ ಊರಿಗೆ ಬಂದಾಗ ಅಣ್ಣನ ನಡುಕ ನಿಂತುಹೋಗಿತ್ತು. ನಡುಕ ನಿಲ್ಲುವುದು ಒಳ್ಳೆಯದಲ್ಲ ಎಂದು ನಮ್ಮ ಮಕ್ಕಳಿಗೂ ಗೊತ್ತು.

ಊರ ಆಸ್ಪತ್ರೆ ಎಂದರೆ ಎರಡು ಕೋಣೆ. ನರ್ಸ್ ಮೋರಾ ಒಬ್ಬಳೇ. ಅವಳು ಕತ್ತರಿಯಿಂದ ಅಣ್ಣನ ಬಟ್ಟೆ ಕತ್ತರಿಸಿದಳು. ಬಟ್ಟೆ ತಗಡಿನ ಹಾಗೆ ಸದ್ದು ಮಾಡುತ್ತಾ ನೆಲಕ್ಕೆ ಬಿತ್ತು. ಮೈ ಮೇಣದ ಬಣ್ಣ. ಬೆರಳು ಮಡಿಸಲಾಗಲಿಲ್ಲ. ಎದೆ ಬಡಿತ ಇದೆ, ಬಹಳ ನಿಧಾನ, ಮೈ ಒಳಗಿನಿಂದ ಬೆಚ್ಚಗಾಗಬೇಕು ಎಂದಳು. ಅದಕ್ಕೊಂದು ಯಂತ್ರ ಬಂದಿತ್ತು. ಆಮ್ಲಜನಕದ ಸಿಲಿಂಡರುಗಳೂ ಬಂದಿದ್ದವು. ಎಲ್ಲ ಈ ಆಸ್ಪತ್ರೆಯಲ್ಲೇ ಇದ್ದವು. ಆ ವಾರವಷ್ಟೇ ಅವನ್ನು ಷೆಡ್ಡಿಗೆ ಸಾಗಿಸಿದ್ದರು, ಮಂತ್ರಿಯ ಫೋಟೋದಲ್ಲಿ ಎಲ್ಲವೂ ಸಾಲಾಗಿ ಕಾಣಬೇಕೆಂದು. ಯಂತ್ರವನ್ನು ಹೊತ್ತವರಲ್ಲಿ ಅಣ್ಣನೂ ಇದ್ದ.

ಅಮ್ಮ ಬಂದಳು. ಲೀತಿಯಾ ಬಂದಳು. ಇಬ್ಬರೂ ಬಟ್ಟೆ ಬಿಚ್ಚಿ ಬರಿಮೈಯಲ್ಲಿ ಅವನ ಎರಡೂ ಬದಿಗೆ ಮಲಗಿ ಅಪ್ಪಿಕೊಂಡರು. ಲೀತಿಯಾಳ ಹೊಟ್ಟೆ ಅವನ ಬೆನ್ನಿಗೆ ಒತ್ತಿತ್ತು. ತಣ್ಣಗೆ ಸುಡುವ ಆ ಮೈಗೆ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಮೋರಾ ನನ್ನ ಕಡೆ ತಿರುಗಿ, ಓಡು ಎಂದಳು.

ನಾನು ಓಡಿದೆ. ಷೆಡ್ಡಿನ ಮುಂದೆ ಇಬ್ಬರು ಸೈನಿಕರು, ನನ್ನ ವಯಸ್ಸಿನವರು. ಕ್ಯಾಪ್ಟನ್ ವೀಲನ್ ಅಲ್ಲೇ ಹೊರಗೆ ಹಾಕಿದ್ದ ಕುರ್ಚಿ ಎಣಿಸುತ್ತಿದ್ದ. ಪಕ್ಕದಲ್ಲಿ ಹೆಲಿಕಾಪ್ಟರ್ ಇತ್ತು. ಅದರ ಗಾಜನ್ನು ಒಬ್ಬ ಒರೆಸುತ್ತಿದ್ದ. ನಾನು ಎಲ್ಲ ಹೇಳಿದೆ. ನನ್ನ ಇಂಗ್ಲಿಷು ಚೆನ್ನಾಗಿಯೇ ಇದೆ. ಅವನಿಗೆ ಅರ್ಥವಾಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

"ನೋಡಿ ಮಿಸ್, ಒಳಗಿರೋದೆಲ್ಲ ಇನ್ನೂ ಊರಿಗೆ ಹಸ್ತಾಂತರ ಆಗಿಲ್ಲ. ನಾಳೆ ಆಗುತ್ತೆ."

"ನಮ್ಮಣ್ಣ ಇವತ್ತು ಬಿದ್ದಿದ್ದಾನೆ."

"ನಂಗೆ ಬೇಜಾರಿದೆ. ಮೇಲಿಂದ ಅನುಮತಿ ಬೇಕು. ಕೇಳ್ತಿದ್ದೀನಿ."

ಹಾಗಾದರೆ ಹೆಲಿಕಾಪ್ಟರಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿ ಎಂದೆ. ಅದು ಮಂತ್ರಿಯನ್ನು ಕರೆತರಲು ಮೀಸಲು ಎಂದ. ರಕ್ಷಣಾ ವಿಮಾನಕ್ಕೆ ಹೇಳಿದ್ದಾರೆ, ದಕ್ಷಿಣದ ನೆಲೆಯಿಂದ ಹೊರಡಬೇಕು, ಅರ್ಧ ದಿನದ ಹಾದಿ ಎಂದ. ರೇಡಿಯೋ ಕಿವಿಗಿಟ್ಟುಕೊಂಡು ಆಚೆ ತಿರುಗಿದ. ಬೆನ್ನು ಕಾಣಿಸಿತು. ಚೆನ್ನಾಗಿ ಇಸ್ತ್ರಿ ಮಾಡಿದ ಬೆನ್ನು.

ಮಾವನ ಜಾರುಬಂಡಿ ಆಸ್ಪತ್ರೆಯ ಮುಂದೆ ಹಾಗೇ ನಿಂತಿತ್ತು. ಅದರಲ್ಲಿ ಅಣ್ಣನ ಹಾರೆ. ನಾನು ಹೋಗಿ ತಂದೆ. ಹಿಡಿಯ ಮೇಲೆ ಅವನ ಕೈಗವಸಿನ ರೋಮ ಅಂಟಿ ಹೆಪ್ಪುಗಟ್ಟಿತ್ತು. ಯಾರೂ ತಡೆಯಲಿಲ್ಲ. ನನ್ನಂಥವಳು ಏನು ಮಾಡುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಬೀಗಕ್ಕೆ ಕುಕ್ಕಿದೆ. ಕಿಡಿ ಹಾರಿತು. ಮತ್ತೆ ಕುಕ್ಕುವುದರೊಳಗೆ ಒಬ್ಬ ಸೈನಿಕ ಹಿಂದಿನಿಂದ ಹಿಡಿದು ನೆಲಕ್ಕೆ ಒಗೆದ. ಮುಖ ಮಂಜಿಗೆ ಬಡಿಯಿತು. ಬಾಯಲ್ಲಿ ಉಪ್ಪು, ನಾಲಿಗೆಯ ಮೇಲೆ ಕಲ್ಲಿನಂಥದ್ದು. ಉಗುಳಿದೆ. ಮುಂದಿನ ಹಲ್ಲು.

ಅಕೀಶೂ ಮಾವ ಓಡಿ ಬಂದ. ಅವನ ಕೈಗಳು ಹಗ್ಗದಿಂದ ಕಿತ್ತುಹೋಗಿದ್ದವು. ಹುಡುಗೀನ ಬಿಡೋ ಎಂದು ಸೈನಿಕನ ಕುತ್ತಿಗೆಗೆ ಕೈ ಹಾಕಿದ. ಇನ್ನೊಬ್ಬ ಬಂದೂಕಿನ ಹಿಂಬದಿಯಿಂದ ಅವನ ದವಡೆಗೆ ಹೊಡೆದ. ಮೂಳೆ ಮುರಿದದ್ದು ಕೇಳಿಸಿತು. ಹಡಗು ಬಂದಾಗಿನ ಅದೇ ಸದ್ದು. ಮಾವ ಮಂಡಿಯೂರಿ ಬಿದ್ದ. ಕೆಂಪು ಅಂಗಿಯ ಮೇಲೆ ರಕ್ತ ಕಾಣಲಿಲ್ಲ. ಹಿಮದ ಮೇಲೆ ಕಂಡಿತು. ಬಿದ್ದವನು ಹೊಡೆದವನ ಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಅವನು ಒದ್ದ. ಮಾವ ಬಿಡಲಿಲ್ಲ. ನನ್ನನ್ನು ಕೆಡವಿದ್ದ ಹುಡುಗ ನನ್ನ ಹಲ್ಲನ್ನೇ ನೋಡುತ್ತಾ ನಿಂತುಬಿಟ್ಟಿದ್ದ. ನಾನು ಎದ್ದೆ. ಕುಕ್ಕಿದೆ. ಕುಕ್ಕಿದೆ. ಬೀಗ ಬಿತ್ತು.

ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಹೊಡೆಯಿತು. ಒಳಗೆ ಹೀಟರುಗಳು ಉರಿಯುತ್ತಿದ್ದವು. ನಾಳೆ ಬರುವವರಿಗೆ ಕೂರಲು ಕುರ್ಚಿ ತಣ್ಣಗಿರಬಾರದೆಂದು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು. ಕಾಫಿಯ ದೊಡ್ಡ ಪಾತ್ರೆ. ಇಡೀ ಊರಿನಲ್ಲಿ ಅಷ್ಟು ಬೆಚ್ಚಗಿನ ಕೋಣೆ ಇನ್ನೊಂದು ಇರಲಿಲ್ಲ. ಗೋಡೆಯ ಪಕ್ಕ ಯಂತ್ರ ನಿಂತಿತ್ತು, ರಿಬ್ಬನ್ ಕಟ್ಟಿಸಿಕೊಂಡು.

ಅದನ್ನು ಮೈಮೇಲೆ ಎಳೆದುಕೊಂಡು ಹೊರಗೆ ತಂದೆ. ಆಗ ಊರಿನವರು ಬಂದರು. ಕೈಜೋಡಿಸಿದರು. ಆಸ್ಪತ್ರೆ ಮುಟ್ಟಿದಾಗ ಮೋರಾ ಅಣ್ಣನ ಎದೆ ಒತ್ತುತ್ತಿದ್ದಳು. ಯಂತ್ರದ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದಳು. ಮತ್ತೆ ಒತ್ತಿದಳು. ಬೆವರು ಅವನ ಮುಖದ ಮೇಲೆ ತೊಟ್ಟಿಕ್ಕಿತು. ಬಹಳ ಹೊತ್ತಿನ ಮೇಲೆ ಕೈ ತೆಗೆದಳು. ಸ್ವಲ್ಪ ಮೊದಲು ಸಿಕ್ಕಿದ್ದರೆ ಎಂದಳು.

ಅಮ್ಮ ಮತ್ತೆ ಹೋಗಿ ಮಲಗಿದಳು. "ಇನ್ನೂ ತಣ್ಣಗಿದ್ದಾನೆ," ಎಂದಳು. ಅವನ ಕಿವಿಯಲ್ಲಿ, "ಅಪ್ಪಾ, ಏಳಪ್ಪಾ, ಹೊತ್ತಾಯ್ತು," ಎಂದಳು. ಲೀತಿಯಾ ಹೊಟ್ಟೆ ಹಿಡಿದು ನೆಲದ ಮೇಲೆ ಕೂತಿದ್ದಳು. ಕತ್ತರಿಸಿದ ಬಟ್ಟೆ ಕರಗಿ ಅವಳ ಸುತ್ತ ನೀರಾಗಿತ್ತು.

ರಕ್ಷಣಾ ವಿಮಾನ ಅರ್ಧ ದಾರಿಯಿಂದ ತಿರುಗಿ ಹೋಯಿತು. ಅಗತ್ಯವಿಲ್ಲ ಎಂದು ತಿಳಿಸಿದರಂತೆ.

ಮರುದಿನ ಮಂತ್ರಿ ಬಂದ. ಹೆಲಿಕಾಪ್ಟರ್ ಸಮಯಕ್ಕೆ ಸರಿಯಾಗಿ ಬಂತು. ಬಾಗಿಲಿಗೆ ಹೊಸ ಬೀಗ ಹಾಕಿದ್ದರು. ಹಿಮದ ಮೇಲಿನ ರಕ್ತಕ್ಕೆ ಮಣ್ಣು ಹರಡಿದ್ದರು. ಊರಿನಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಆದರೂ ಜನ ಬಂದರು, ಎಲ್ಲರೂ ಬಂದರು, ಒಬ್ಬರೂ ಕುರ್ಚಿಯ ಮೇಲೆ ಕೂರಲಿಲ್ಲ. ಮಾವ ದವಡೆಗೆ ಬಟ್ಟೆ ಕಟ್ಟಿಕೊಂಡು ಬಂದ. ಕೆಂಪು ಅಂಗಿ ಹಾಕಿರಲಿಲ್ಲ. ಅದನ್ನು ಮಡಿಸಿ ತಂದು ಕ್ಯಾಪ್ಟನ್ನಿನ ಬೂಟಿನ ಮೇಲೆ ಹಾಕಿ ಅದರ ಮೇಲೆ ಉಗುಳಿದ. ಉಗುಳಿನಲ್ಲಿ ಇನ್ನೂ ರಕ್ತ ಇತ್ತು.

ಮಂತ್ರಿ ಬೇರೆಯವನು, ವಾಕ್ಯ ಅದೇ. ಆರ್ಕ್ಟಿಕ್ ರಕ್ಷಣೆ ಬಲಪಡಿಸುತ್ತೇವೆ. ತುರ್ತು ನೆರವು ನಿಮ್ಮ ಬಾಗಿಲಿಗೆ. ನನ್ನ ಬಾಯಿ ಬಾತುಕೊಂಡಿತ್ತು. ಹಲ್ಲಿಲ್ಲದ ಜಾಗದಿಂದ ಗಾಳಿ ಹೋಗುತ್ತಿತ್ತು. ನಾನು ಅನುವಾದಿಸುತ್ತಾ ಹೋದೆ. ಅವನು ದನಿ ತಗ್ಗಿಸಿ, ನಿನ್ನೆ ಒಬ್ಬ ವೀರನನ್ನು ಕಳೆದುಕೊಂಡಿದ್ದೇವೆ, ಅವನ ನೆನಪಿಗೆ ಈ ಕೇಂದ್ರಕ್ಕೆ ಅವನದೇ ಹೆಸರು ಎಂದ. ಸೈನಿಕನೊಬ್ಬ ಬೋರ್ಡಿನ ಮೇಲಿನ ಬಟ್ಟೆ ಎಳೆದ. ಪುಡ್ಲೂ ತುರ್ತು ನೆರವು ಕೇಂದ್ರ. ಬಣ್ಣ ಇನ್ನೂ ಹಸಿ ಇತ್ತು.

ನಾನು ಅದನ್ನು ಅನುವಾದಿಸಲಿಲ್ಲ. ಬೇಕಾಗಿಯೂ ಇರಲಿಲ್ಲ. ಎಲ್ಲರೂ ಓದಿದರು.

ಅಮ್ಮ ಮುಂದೆ ನಡೆದಳು. ಅಂಗಿಯ ಒಳಗಿಂದ ಉಲು ತೆಗೆದಳು. ಸೀಲ್ ಚರ್ಮದ ಕೊಬ್ಬು ಕೆರೆಯುವ ಅರ್ಧಚಂದ್ರದ ಚಾಕು, ಅವಳ ಕೈಯಲ್ಲೇ ಸವೆದದ್ದು. ಸೈನಿಕರು ಬಂದೂಕು ಎತ್ತಿದರು. ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಅವಳ ಸುತ್ತ ನಿಂತರು. ಎಲ್ಲರ ಕೈಯಲ್ಲೂ ಉಲು ಇತ್ತು. ಲೀತಿಯಾ ಬೋರ್ಡನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಅಮ್ಮ ಹೆಸರನ್ನು ಕೆರೆಯತೊಡಗಿದಳು. ಚರ್ಮ ಕೆರೆಯುವ ಹಾಗೆಯೇ, ಮೇಲಿನಿಂದ ಕೆಳಕ್ಕೆ, ಭುಜದ ಬಲ ಹಾಕಿ, ಒಂದೊಂದೇ ಅಕ್ಷರ. ತಗಡು ಕಿರುಚಿತು. ನೀಲಿ ಬಣ್ಣದ ಸುರುಳಿ ಹಿಮದ ಮೇಲೆ ಉದುರಿತು.

ಅವಳು ಏನು ಹೇಳುತ್ತಿದ್ದಾಳೆ ಎಂದು ಮಂತ್ರಿ ನನ್ನನ್ನು ಕೇಳಿದ. ಅಮ್ಮ ಇನ್ನೂ ಏನೂ ಹೇಳಿರಲಿಲ್ಲ. ಕೊನೆಯ ಅಕ್ಷರ ಕೆರೆದು ತಿರುಗಿದಳು.

"ನನ್ನಪ್ಪನ್ನ ಹಡಗಲ್ಲಿ ತಂದು ಇಲ್ಲಿ ಬಿಸಾಕಿದ್ರಿ. ಆಮೇಲೆ ಹಡಗು ತಂದು ಅವನನ್ನೇ ಮುಳುಗಿಸಿದ್ರಿ. ಅವನದು ಅಂತ ಉಳಿದಿರೋದು ಹೆಸರೊಂದೇ. ಹೆಸರನ್ನ ನಾವು ಉಸಿರಾಡೋರಿಗೆ ಇಡ್ತೀವಿ. ನಿನ್ನ ಡಬ್ಬ ಉಸಿರಾಡುತ್ತಾ? ಅವನು ಸಾಯೋವಾಗ ಮುಚ್ಕೊಂಡಿದ್ದ ಬಾಗಿಲು ಇದು. ಇದರೊಳಗೆ ಅವನನ್ನ ಇನ್ನೊಂದು ಸಲ ಕೂಡಿಹಾಕೋಕೆ ಬಿಡಲ್ಲ. ಹೆಸರು ಕೊಡಲ್ಲ."

ನಾನು ಒಂದು ಪದವೂ ಬಿಡದೆ ಹೇಳಿದೆ. ಆಮೇಲೆ ನಿಲ್ಲಬೇಕಿತ್ತು. ನನ್ನ ಕೆಲಸ ಅಷ್ಟೇ. ನಿಲ್ಲಲಾಗಲಿಲ್ಲ.

"ಇನ್ನು ಹೇಳೋದು ಅಮ್ಮನ ಮಾತಲ್ಲ, ನಂದು," ಎಂದೆ. "ಈ ವಾಕ್ಯನ ನಾನು ಶಾಲೆಯಿಂದ ಕೇಳ್ತಾ ಬಂದಿದ್ದೀನಿ. ನಿಮ್ಮ ರಕ್ಷಣೆ ನಮ್ಮಣ್ಣನ್ನ ಕೊಂದಿತು. ನಿಮ್ಮ ತುರ್ತು ನೆರವು ಬೀಗ ಹಾಕ್ಕೊಂಡು ನೋಡ್ತಾ ನಿಂತಿತ್ತು. ಇನ್ಮೇಲೆ ನಿಮ್ಮ ಮಾತನ್ನ ನಾನು ಈ ಊರಿಗೆ ಹೇಳಲ್ಲ. ಬೇರೆ ಬಾಯಿ ಹುಡುಕ್ಕೊಳ್ಳಿ."

ಹೇಳುವಾಗ ರಕ್ತ ಮಿಶ್ರಿತ ಎಂಜಲು ಅವನ ಕೋಟಿನ ಮೇಲೆ ಹಾರಿತು. ಒರೆಸಿಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ. ರಿಬ್ಬನ್ ಕತ್ತರಿಸದೆ ಹೋದ.

ನನ್ನ ಮೇಲೆ ಕೇಸು ಹಾಕಿದರು. ಸರ್ಕಾರಿ ಆಸ್ತಿ ಹಾನಿ. ಕೆಲಸ ಹೋಯಿತು. ಮಾವನ ದವಡೆ ಓರೆಯಾಗಿ ಕೂಡಿಕೊಂಡಿತು, ಹೊಡೆದವನ ಮೇಲೆ ಕೇಸಿಲ್ಲ. ಬೇಸಿಗೆಯಲ್ಲಿ ಲೀತಿಯಾ ಹೆಣ್ಣು ಹೆತ್ತಳು. ನಮ್ಮಲ್ಲಿ ಹೆಸರಿಗೆ ಹೆಣ್ಣು ಗಂಡು ಇಲ್ಲ. ಪುಡ್ಲೂ ಎಂದು ಅಮ್ಮ ಮಗುವಿನ ಕಿವಿಯಲ್ಲಿ ಹೇಳಿದಳು. ಅಮ್ಮನಿಗೆ ಅವಳು ಅಪ್ಪ. ನನಗೆ ಅಣ್ಣ. ಮಾವ ಬಂದು ತೊಟ್ಟಿಲಿಗೆ ಬಗ್ಗಿ, ಮುರಿದ ದವಡೆಯಲ್ಲಿ, "ಅಪ್ಪಾ, ಸಿಗರೇಟು," ಎಂದ. ಲೀತಿಯಾ ಅವತ್ತು ಮೊದಲ ಸಲ ನಕ್ಕು, ನಗುತ್ತಲೇ ಜೋರಾಗಿ ಅತ್ತಳು.

ಮುಂದಿನ ವಸಂತದಲ್ಲಿ ಹಡಗು ಮತ್ತೆ ಬಂತು. ಅದಕ್ಕೆ ಮೊದಲು ರೇಡಿಯೋದಲ್ಲಿ ವಾಕ್ಯ ಬಂದಿತ್ತು. ನಾವು ಸಭೆ ಸೇರಲಿಲ್ಲ. ಮಂಜಿನ ಮೇಲೆ ನಡೆದು ಹೋದೆವು, ಇಡೀ ಊರು, ಕೊಲ್ಲಿಯ ಬಾಯಿಯವರೆಗೆ. ಮಗು ನನ್ನ ಬೆನ್ನ ಮೇಲೆ, ಅಂಗಿಯ ಚೀಲದಲ್ಲಿ ಬೆಚ್ಚಗೆ ಇತ್ತು. ಹಡಗು ದೊಡ್ಡದಾಗುತ್ತಾ ಬಂತು. ಮುಂದೆ ಮಂಜು ಸೀಳುತ್ತಿತ್ತು. ಕಾಲ ಕೆಳಗೆ ನಡುಕ ಬಂತು. ಹಡಗು ಕೂಗು ಹಾಕಿತು. ಕಿವಿ ಗುಯ್ಯೆಂದಿತು. ಮಗು ನನ್ನ ಬೆನ್ನನ್ನು ಒದೆಯಿತು. ಯಾರೂ ಸರಿಯಲಿಲ್ಲ.

ಮಾವ ಅಣ್ಣನ ಹಾರೆ ತಂದಿದ್ದ. ಬೀಗಕ್ಕೆ ಬಿದ್ದ ಏಟಿಗೆ ಅದರ ತುದಿ ಮುಕ್ಕಾಗಿತ್ತು. ಹಡಗಿಗೆ ಬೆನ್ನು ಮಾಡಿ, ಎರಡೂ ಕೈಯಿಂದ ಎತ್ತಿ, ನಮ್ಮ ಕಾಲಿನ ಹತ್ತಿರ ಬಲವಾಗಿ ಕುಕ್ಕಿದ. ಇಳಿಯಲಿಲ್ಲ.

"ಗಟ್ಟಿ ಇದೆ," ಎಂದ. "ಇಲ್ಲೇ ನಿಲ್ಬೋದು."